ಬೂಟು ಬಿಚ್ಚಿದ್ದು

ಬೆಳಗಿನಿಂದ ಜೋಗಪ್ಪ ಅದೇ ಬೂಟನ್ನು ಮೂರು ಸಲ ಒರೆಸಿದ್ದ. ಒರೆಸುವಂಥ ಕೊಳೆ ಅದರ ಮೇಲೆ ಇರಲಿಲ್ಲ. ಕೈಗೊಂದು ಕೆಲಸ ಕೊಡದಿದ್ದರೆ ತಲೆ ಸುಮ್ಮನಿರುತ್ತಿರಲಿಲ್ಲ, ಅಷ್ಟೆ. ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿ ಯರ್ರಮ್ಮನ ಮನೆಯ ಜಗುಲಿಯೇ ಅವನಿಗೂ ವಲಿಸಾಬನಿಗೂ ಎಂಟು ದಿನದ ಬಿಡಾರ; ಒಳಗಿನಿಂದ ಮಗ್ಗದ ಸದ್ದು ಒಂದೇ ಸಮನೆ ಬರುತ್ತಿತ್ತು, ಇವನ ಬಟ್ಟೆಯ ಚೂರೂ ಅದೇ ಲಯಕ್ಕೆ ಬೂಟಿನ ಮೇಲೆ ಓಡಾಡುತ್ತಿತ್ತು. ಬೂಟು ಕೊಡಿಸಿದವನು ವಲಿಸಾಬ. ಚಳ್ಳಕೆರೆಯಲ್ಲಿ ಸಿನಿಮಾ ಟೆಂಟು ಹಾಕಿದ ಮೊದಲ ದಿನವೇ, ಪರದೆಯ ಪಕ್ಕ ನಿಂತು ಕಥೆ ಹೇಳುವವನು ಬರಿಗಾಲಲ್ಲಿದ್ದರೆ ಟೆಂಟಿನ ಮರ್ಯಾದೆ ಏನಾಗಬೇಕು ಎಂದು ಹೇಳಿ ತಂದುಕೊಟ್ಟಿದ್ದ. ಮಾತಿಲ್ಲದ ಸಿನಿಮಾ ಅದು. ಬಿಳಿ ಜನ ಬಾಯಿ ಆಡಿಸುತ್ತಾರೆ, ಸದ್ದು ಬರುವುದಿಲ್ಲ. ನಡುನಡುವೆ ಇಂಗ್ಲಿಷ್ ಅಕ್ಷರಗಳು ಮೂಡಿ ಮಾಯವಾಗುತ್ತವೆ. ಆ ಅಕ್ಷರ ಓದಲಾರದ ಊರಿಗೆಲ್ಲ ಜೋಗಪ್ಪನದೇ ಬಾಯಿ. ತಮಾಷೆಯೆಂದರೆ, ಆ ಅಕ್ಷರ ಜೋಗಪ್ಪನಿಗೂ ಬರುತ್ತಿರಲಿಲ್ಲ. ಜರ್ಮನ್ ಯುದ್ಧಕ್ಕೆ ಹೋಗಿಬಂದ ಯಾವುದೋ ಮೋಟಾರಿನ ಎಂಜಿನ್ನು ಕಿತ್ತು ತಂದು ವಲಿಸಾಬ ದೀಪಕ್ಕೆ ಕರೆಂಟು ಮಾಡಿಕೊಂಡಿದ್ದ; ಅದರ ಗುಡುಗುಡು ಮೀರಿ ಕೊನೆಯ ಸಾಲಿನವರೆಗೆ ಮುಟ್ಟುವ ಗಂಟಲು ಬೇಕಾಗಿತ್ತು, ಓದು ಬೇಕಾಗಿರಲಿಲ್ಲ. ಗಂಟಲು ಜೋಗಪ್ಪನ ಹತ್ತಿರ ಇತ್ತು. ಅದು ಎತ್ತು ಕೂಗಿ ಕೂಗಿ ಪಳಗಿದ ಗಂಟಲು.

ಸಿನಿಮಾ ಕಳ್ಳ ಪೊಲೀಸರದು. ಒಂದೇ ಓಣಿಯಲ್ಲಿ ಬೆಳೆದ ಇಬ್ಬರು ಗೆಳೆಯರು. ಒಬ್ಬ ಪೊಲೀಸು ಸೇರುತ್ತಾನೆ, ಇನ್ನೊಬ್ಬ ಕಳ್ಳತನಕ್ಕೆ ಇಳಿಯುತ್ತಾನೆ. ಪೊಲೀಸಿಗೆ ಜಂಪಣ್ಣ, ಕಳ್ಳನಿಗೆ ಚಿನ್ನಯ್ಯ ಎಂದು ಹೆಸರಿಟ್ಟವನು ಜೋಗಪ್ಪನೇ. ಅಷ್ಟೆತ್ತರದ ಟೋಪಿಯ ಬಿಳಿಯನಿಗೆ ಜಂಪಣ್ಣ ಎಂದರೆ ಜನ ನಗಬೇಕಿತ್ತು, ಒಬ್ಬರೂ ನಗಲಿಲ್ಲ. ಕೊನೆಗೆ ಚಿನ್ನಯ್ಯ ಊರಾಚೆಯ ಒಂದು ಕೊಟ್ಟಿಗೆಯಲ್ಲಿ ಅಡಗಿ, ಬಾಗಿಲಿಗೆ ಬೆನ್ನು ಹಾಕಿ, ಮುಂದೊಂದು ದೀಪ ಇಟ್ಟುಕೊಂಡು ಮೇಜಿಗೆ ಕೂತಿರುತ್ತಾನೆ. ಜಂಪಣ್ಣ ಒಬ್ಬನೇ ಬರುತ್ತಾನೆ. ಹೊಸ್ತಿಲ ಹೊರಗೆ ಬಗ್ಗಿ, ಎರಡೂ ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಒಳಗೆ ಕಾಲಿಡುತ್ತಾನೆ. ಜೋಗಪ್ಪ ಹುಟ್ಟಿದ್ದು ನನ್ನಿವಾಳದಲ್ಲಿ, ದೇವರ ಎತ್ತು ಕಾಯುವ ಕಿಲಾರಿಗಳ ಮನೆಯಲ್ಲಿ. ದೇವರ ಎತ್ತು ಕೂಡುವ ರೊಪ್ಪಕ್ಕೆ ಅಮಲ್ದಾರನೇ ಬರಲಿ, ಕಾಲಿನ ಕೆರ ಬೇಲಿಯ ಹೊರಗೆ ಬಿಟ್ಟೇ ಬರಬೇಕು. ಅಂಥವನು ಕೊಟ್ಟಿಗೆಯ ಬಾಗಿಲಲ್ಲಿ ಬೂಟು ಬಿಚ್ಚುವ ಮನುಷ್ಯನನ್ನು ಕಂಡು ಇನ್ನೇನು ಹೇಳಿಯಾನು? ಚಳ್ಳಕೆರೆಯ ಜನಕ್ಕೆ ಅವನು ಹೇಳಿದ್ದು ಇಷ್ಟೇ, ಜಂಪಣ್ಣ ಸರ್ಕಾರದ ಬೂಟನ್ನು ಹೊರಗೆ ಬಿಟ್ಟ, ಇನ್ನು ಒಳಗೆ ಹೋಗುವವನು ಪೊಲೀಸಲ್ಲ, ಗೆಳೆಯ. ಹೆಂಗಸರು ಮೂಗು ಸೀಟಿದರು, ಮೀಸೆ ಹೊತ್ತ ಗಂಡಸರು ಕಣ್ಣಿಗೆ ಧೂಳು ಬಿತ್ತೆಂದು ಟವೆಲಿನ ತುದಿ ಹುಡುಕಿದರು. ಎರಡು ತಿಂಗಳು ಅದೇ ಸಿನಿಮಾ ಓಡಿತು. ಅತ್ತವರೇ ಮತ್ತೆ ಅಳಲು ಬಂದರು. ಬೇರೆ ಅರ್ಥ ತನಗೆ ಹೊಳೆಯಲೇ ಇಲ್ಲ ಎಂದು ಜೋಗಪ್ಪ ತನಗೆ ತಾನೇ ಹೇಳಿಕೊಂಡಿದ್ದ. ಅದು ಸುಳ್ಳು. ಹೊಳೆದಿತ್ತು. ಮೊದಲ ದಿನವೇ, ಜಂಪಣ್ಣನ ಕೈ ಬೂಟಿನ ದಾರಕ್ಕೆ ಹೋದ ಕೂಡಲೇ ಹೊಳೆದಿತ್ತು.

ಆ ಇನ್ನೊಂದು ಅರ್ಥವನ್ನು ನಿನ್ನೆ ಸಂಜೆ ಮರುಳಪ್ಪ ಮೇಷ್ಟ್ರು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದರು. ಮೊಳಕಾಲ್ಮೂರಿನಲ್ಲಿ ಅದು ಮೊದಲ ಆಟ. ಮೇಷ್ಟ್ರು ಊರಿನ ಇಂಗ್ಲಿಷ್ ಬಲ್ಲವರು. ಅವರಿಗೆಂದು ಮುಂದೆ ಕುರ್ಚಿ ಹಾಕಿಸಲಾಗಿತ್ತು. ಆಟ ಮುಗಿದು ಜನ ಕರಗುವಾಗ ಅವರು ಛತ್ರಿಯ ತುದಿಯಿಂದ ಜೋಗಪ್ಪನನ್ನು ಕರೆದು, ಭಾಳ ಚೆನ್ನಾಗಿ ಹೇಳ್ತೀಯಪ್ಪ, ಎಂದರು. ಜೋಗಪ್ಪ ಕೈ ಮುಗಿದ. ಆಮೇಲೆ ಅವರು ನಗುತ್ತಲೇ, ಪಾಠ ತಪ್ಪಿದ ಹುಡುಗನಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಅಲ್ಲಿ ಅಕ್ಷರದಲ್ಲೇ ಬರೆದಿದೆಯಂತೆ, ಹೆಜ್ಜೆಯ ಸದ್ದು ಕೇಳಿ ಕಳ್ಳ ಎಚ್ಚೆತ್ತಾನೆಂದು ಅಧಿಕಾರಿ ಬೂಟು ಬಿಚ್ಚಿದ ಅಂತ. ಭಕ್ತಿಯೂ ಇಲ್ಲ, ಗೆಳೆತನವೂ ಇಲ್ಲ, ಉಪಾಯ. ಪಕ್ಕದಲ್ಲಿದ್ದ ಒಬ್ಬಿಬ್ಬರು ಕಿಸಕ್ಕೆಂದರು. ಜೋಗಪ್ಪನೂ ನಕ್ಕ, ಅವಮಾನವಾದಾಗ ಅವನಿಗೆ ಮೊದಲು ಬರುವುದು ನಗುವೇ. ನಗುತ್ತಲೇ ಹೋಗಿ ಟೆಂಟಿನ ಹಿಂದೆ ಒಬ್ಬನೇ ಕೂತ. ಮೇಷ್ಟ್ರು ಹೇಳಿದ್ದು ಸಿನಿಮಾದ ಮಾತು. ಆದರೆ ಆರು ವರ್ಷದ ಹಿಂದೆ, ಕುದಾಪುರದ ಹುಲ್ಲುಗಾವಲಲ್ಲಿ, ಹಾಡಹಗಲು ಬಗ್ಗಿ ಬೂಟು ಬಿಚ್ಚಿದವನು ಬಿಳಿಯನಲ್ಲವಲ್ಲ.

ಆಗ ಅವನು ಸರ್ಕಾರಿ ಕಾವಲಿನಲ್ಲಿ, ಅಂದರೆ ಸರ್ಕಾರದ ಮೀಸಲು ಹುಲ್ಲುಗಾವಲಿನಲ್ಲಿ, ಕಾವಲುಗಾರ. ಕಿಲಾರಿತನ ಬಿಟ್ಟು ಖಾಕಿ ಹಾಕಿದ ದಿನ ಅಪ್ಪ ಒಂದೇ ಮಾತು ಹೇಳಿ ಮುಖ ತಿರುಗಿಸಿದ್ದ, ಎತ್ತು ಬಿಟ್ಟು ಹೋದೋನು ಗಂಡಸಲ್ಲ. ದಫೇದಾರ ಹೇಳಿದ್ದು ಇನ್ನೊಂದು, ಗಂಡಸಾದವನಿಗೆ ಡ್ಯೂಟಿ ಒಂದೇ, ಅಣ್ಣತಮ್ಮ ಗೆಳೆಯ ಯಾರೂ ಇಲ್ಲ. ಇಪ್ಪತ್ತನಾಲ್ಕರ ಹುಡುಗನಿಗೆ ಗಂಡಸಾಗುವ ಆಸೆ ಕುತ್ತಿಗೆಯವರೆಗೆ ಇತ್ತು. ಯಾರ ಅಳತೆಯ ಗಂಡಸು ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ವರ್ಷ ಊರ ಕಡೆ ಹುಲ್ಲು ಬೇಗ ತೀರಿತು. ಸರ್ಕಾರದ ಕಾವಲಿನಲ್ಲಿ ಮಾತ್ರ ಮೊಣಕಾಲೆತ್ತರ ನಿಂತಿತ್ತು. ದಾಸಣ್ಣ ದೇವರ ಎತ್ತುಗಳನ್ನು ಒಳಗೆ ಬಿಟ್ಟಿದ್ದಾನೆ ಎಂದು ಸುದ್ದಿ ಬಂತು. ದಾಸಣ್ಣ ಎಂದರೆ ಇವನ ಜತೆಗೇ ರೊಪ್ಪದ ಬೇಲಿಗೆ ಒರಗಿ ಬೆಳೆದವನು. ಒಬ್ಬನ ಕಂಬಳಿಯಲ್ಲಿ ಇಬ್ಬರೂ ಮಲಗಿ, ಯಾರ ಕೂಗಿಗೆ ಮುಂಚೂಣಿಯ ಎತ್ತು ಮುತ್ತಯ್ಯ ಮೊದಲು ತಿರುಗುತ್ತಾನೆಂದು ಪಂಥ ಕಟ್ಟಿ, ಪ್ರತಿಸಲವೂ ಸೋತು ಬೈಯುತ್ತಿದ್ದವನು. ದಫೇದಾರ ದಿಬ್ಬದ ಹಿಂದೆ ಇಬ್ಬರನ್ನು ಕಟ್ಟಿಕೊಂಡು ನಿಂತು, ನೀನು ಮುಂದೆ ಹೋಗು, ಹತ್ತಿರ ಹೋಗಿ ಸೀಟಿ ಊದು ಎಂದ. ಮಧ್ಯಾಹ್ನದ ಬಿಸಿಲು. ಜಾಲಿಮರದ ಕೆಳಗೆ ದಾಸಣ್ಣ ಬೆನ್ನು ಹಾಕಿ ಕೂತಿದ್ದ, ಎತ್ತುಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ನೂರು ಮಾರು ದೂರದಲ್ಲಿ ಜೋಗಪ್ಪ ಬಗ್ಗಿ ಬೂಟು ಬಿಚ್ಚಿದ.

ಯಾಕೆ ಬಿಚ್ಚಿದ? ಆರು ವರ್ಷ ಅವನು ಕೇಳಿಕೊಂಡ ಪ್ರಶ್ನೆ ಇದೊಂದೇ. ದೇವರ ಎತ್ತಿನ ನಡುವೆ ಬೂಟು ಹಾಕಿ ಹೋಗಬಾರದು, ಅದಕ್ಕೆ. ನೆಲದಲ್ಲಿ ನುರುಜುಗಲ್ಲು, ಬೂಟು ಕರಕರ ಎನ್ನುತ್ತದೆ, ಅದಕ್ಕೆ. ಎರಡೂ ನಿಜವಿರಬಹುದು, ಆದರೆ ದಾರ ಬಿಚ್ಚುವಾಗ ಬೆರಳು ಯಾವುದಕ್ಕೆಂದು ಬಿಚ್ಚಿತು? ಮುಳ್ಳು ತುಳಿದುಕೊಂಡು ಹತ್ತು ಹೆಜ್ಜೆ ದೂರಕ್ಕೆ ಹೋಗಿ ಸೀಟಿ ಊದಿದ. ದಾಸಣ್ಣ ತಿರುಗಿದ. ಮೊದಲು ನೋಡಿದ್ದು ಇವನ ಬರಿಗಾಲನ್ನು, ಆಮೇಲೆ ಮುಖವನ್ನು. ಎದ್ದು ನಿಂತ. ದೇವರ ಎತ್ತುಗಳನ್ನು ಹೊಡಕೊಂಡು ಹೋಗಿ ಕೊಂಡವಾಡದಲ್ಲಿ, ಕಂಡವರ ಬೆಳೆ ಮೇಯ್ದ ಬೀದಿದನಗಳ ಜತೆ ಹನ್ನೊಂದು ದಿನ ಕೂಡಿದರು. ದಾಸಣ್ಣನಿಗೆ ಮೂರು ತಿಂಗಳು ಜೈಲಾಯಿತು. ದಫೇದಾರ ಬೆನ್ನು ತಟ್ಟಿ ಶಾಬಾಸ್ ಗಂಡು ಎಂದ. ಆ ದಿನವೇ ಜೋಗಪ್ಪ ಕ್ಷೌರದವನ ಮುಂದೆ ಕೂತು ಮೀಸೆ ತೆಗೆಸಿದ. ಕಂಡವರೆಲ್ಲ ಅಪ್ಪ ಹೋದರೇನೋ ಎಂದು ಕೇಳಿದರು, ಒಳಗೆ ಅಪ್ಪ ಗಟ್ಟಿಮುಟ್ಟಾಗಿ ರಾಗಿ ಮುದ್ದೆ ನುಂಗುತ್ತಿದ್ದ. ದಾಸಣ್ಣ ಬಿಡುಗಡೆಯಾಗಿ ಬಂದ ವಾರ ಇವನು ಖಾಕಿ ಬಿಚ್ಚಿಟ್ಟು ಚಳ್ಳಕೆರೆ ಸೇರಿದ. ಊರವರು ಬಹಿಷ್ಕಾರ ಹಾಕಲಿಲ್ಲ, ಬೈಯಲೂ ಇಲ್ಲ. ಅವ್ವ ಸೂರಮ್ಮನನ್ನು ನೋಡಲು ಹೋದಾಗ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ಸಂಜೆ ಎತ್ತು ಹಿಂದಕ್ಕೆ ಬರುವ ಹೊತ್ತಿಗೆ ಮಾತ್ರ, ಜೋಗ, ಒಂದು ಕೂಗು ಹಾಕಲೇ ಎಂದು ಯಾರೂ ಹೇಳುತ್ತಿರಲಿಲ್ಲ. ಅದೊಂದನ್ನು ನುಂಗುವುದು ಅವನಿಗೆ ಆಗಲಿಲ್ಲ. ಹೋಗುವುದನ್ನೇ ನಿಲ್ಲಿಸಿದ.

ಇಷ್ಟೆಲ್ಲ ಇದ್ದರೂ ಇವತ್ತು ಹೇಗೋ ದಿನ ತಳ್ಳಬಹುದಿತ್ತು. ಆದರೆ ಬೂಟು ಎರಡನೇ ಸಲ ಒರೆಸಿ, ಬೀಡಿ ತರಲೆಂದು ಸಂತೆಯ ಕಡೆ ಹೋದವನಿಗೆ ಉಪ್ಪಿನ ಅಂಗಡಿಯ ಮುಂದೆ ದಾಸಣ್ಣ ಸಿಕ್ಕಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹೊಸ ಹಗ್ಗದ ಸುರುಳಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದವು. ತಪ್ಪಿಸಿಕೊಂಡು ಹೋಗುವಷ್ಟು ಬೀದಿ ಅಗಲವಿರಲಿಲ್ಲ. ಎತ್ತುಗಳನ್ನು ನುಂಕೆಮಲೆ ಗುಡ್ಡದ ಬುಡದಲ್ಲಿ ಬಿಟ್ಟಿದ್ದೇವೆ, ಮುತ್ತಯ್ಯನಿಗೆ ಹಲ್ಲು ಸವೆದಿದೆ, ಉಪ್ಪು ಬೇಕಾಗಿತ್ತು, ಎಂದು ದಾಸಣ್ಣ ನಿನ್ನೆಯಷ್ಟೇ ಬಿಟ್ಟು ಹೋದವನಿಗೆ ಹೇಳುವಂತೆ ಹೇಳಿದ. ಜೋಗಪ್ಪ ಹೂಂ ಎಂದ. ಆರು ವರ್ಷ ಕಟ್ಟಿಟ್ಟ ಮಾತೆಲ್ಲ ಒಂದು ಹೂಂ ಆಗಿ ಹೊರಬಂತು. ದಾಸಣ್ಣ ಉಪ್ಪನ್ನು ಕಂಬಳಿಯ ತುದಿಗೆ ಗಂಟು ಹಾಕಿಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ನಿಂತ.

‘ಸಂಜೆ ಆಟಕ್ಕೆ ಬರ್ತೀನಿ. ಪೊಲೀಸಪ್ಪ ಬೂಟು ಬಿಚ್ಚೋದನ್ನ ಭಾಳ ಚೆಂದ ಹೇಳ್ತೀಯಂತೆ.’

ಅದು ಚುಚ್ಚುಮಾತೋ ಬರೀ ಮಾತೋ ಜೋಗಪ್ಪನಿಗೆ ತಿಳಿಯಲಿಲ್ಲ. ಬೀಡಿ ಕೊಳ್ಳುವುದು ಮರೆತು ಜಗುಲಿಗೆ ಬಂದು ಕೂತ, ಬೂಟನ್ನು ಮೂರನೇ ಸಲ ಕೈಗೆತ್ತಿಕೊಂಡ. ಓಡಿ ಹೋಗಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಚಳ್ಳಕೆರೆಗೆ ಹೋಗುವ ಗಾಡಿಗಳು ಸಂತೆಯಲ್ಲಿ ಬೇಕಾದಷ್ಟಿದ್ದವು. ಸಂಜೆ ಮುಂದಿನ ಕುರ್ಚಿಯಲ್ಲಿ ಮೇಷ್ಟ್ರು, ಮರಳ ಮೇಲೆ ದಾಸಣ್ಣ. ಗೆಳೆಯನಾಗಿ ಬಿಚ್ಚಿದ ಎಂದರೆ ಮೇಷ್ಟ್ರು ನಗುತ್ತಾರೆ; ಆ ನಗು ನಾಳೆ ಊರಿಗೆಲ್ಲ ಹರಡಿ ಜೋಗಪ್ಪನ ಬಾಯಿಗೆ ಬೆಲೆ ಇರುವುದಿಲ್ಲ. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ದಾಸಣ್ಣನ ಎದುರಿಗೆ ನಿಂತು ಅದೇ ಮಾತು ಆಡುವುದು ಹೇಗೆ? ಅವನ ಮುಂದೆಯೇ ಅವನ ಜೈಲನ್ನು ಬಣ್ಣ ಬಳಿದು ಮಾರಿದಂತೆ. ಮೋಸದಿಂದ ಬಿಚ್ಚಿದ ಎಂದರೋ, ತನ್ನ ಹಣೆಬರಹವನ್ನು ತಾನೇ ಓದಿದಂತೆ. ಒಳಗೆ ಮಗ್ಗ ನಿಂತಿತು.

ಯರ್ರಮ್ಮ ಮಗ್ಗದ ಗುಂಡಿಯಿಂದ ಎದ್ದು ಬಂದು ಬಾಗಿಲಿಗೆ ಒರಗಿ ಸೊಂಟ ಹಿಡಿದುಕೊಂಡಳು. ಅರವತ್ತು ದಾಟಿದ ಹೆಂಗಸು. ಕನ್ನಡ ಆಡುತ್ತಾ ಆಡುತ್ತಾ ತೆಲುಗಿಗೆ ಜಾರಿ, ಅದು ಗೊತ್ತೇ ಆಗದೆ ಮತ್ತೆ ಕನ್ನಡಕ್ಕೆ ಬರುತ್ತಿದ್ದಳು. ನಿನ್ನೆ ಅವಳೂ ಆಟ ನೋಡಿದ್ದಳು, ಅತ್ತೂ ಇದ್ದಳು. ಬೂಟನ್ನು ಸವೆಸಿ ಬಿಡ್ತೀಯೇನೋ ಎಂದು ಇವನನ್ನು ಗೇಲಿ ಮಾಡಿ, ಆಮೇಲೆ ತನಗೊಂದು ಅನುಮಾನ ಇದೆ ಎಂದಳು. ಆ ಕಳ್ಳ ಅಷ್ಟು ಹತ್ತಿರ ಬರುವವರೆಗೂ ತಿರುಗಿ ನೋಡದೆ ಯಾಕೆ ಕೂತಿದ್ದ? ಗೊತ್ತಾಗಲಿಲ್ಲವೇ? ಜೋಗಪ್ಪ ತಲೆಯೆತ್ತದೆ, ಬರಿಗಾಲಲ್ಲಿ ಬಂದರೆ ಹೇಗೆ ಗೊತ್ತಾಗುತ್ತೆ ಎಂದ.

‘ಅಯ್ಯೋ ನಾಯನಾ, ನಲವತ್ತು ವರ್ಷ ಮಗ್ಗದ ಗುಂಡಿಯಾಗೆ ಕುಂತೀನಿ ನಾನು. ಹಿಂದೆ ಬಂದೋರು ಮಗನೋ ಸೊಸೇನೋ, ಬರೀ ಕಾಲಿನ ಮೇಲೆ ಹೇಳ್ತೀನಿ. ಚಪ್ಪಲಿ ಹಾಕಿದ್ರೆ ಎಲ್ಲಾರ್ದೂ ಒಂದೇ ಸದ್ದು. ಬರಿಗಾಲೇ ಅಲ್ವಾ ಅವರವರದು?’

ಅಷ್ಟು ಹೇಳಿ ಅವಳು ನೀರು ಕುಡಿದು ಮತ್ತೆ ಗುಂಡಿಗೆ ಇಳಿದಳು. ಜೋಗಪ್ಪನ ಕೈ ಬೂಟಿನ ಮೇಲೆ ನಿಂತಿತು. ಮಧ್ಯಾಹ್ನ ಊಟಕ್ಕೆ ಬಂದ ವಲಿಸಾಬನಿಗೆ, ಇವತ್ತು ಬಾಯಿ ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿ ಎಂದುಬಿಟ್ಟ. ವಲಿಸಾಬನಿಗೆ ಕಥೆಯೆಲ್ಲ ಗೊತ್ತಿತ್ತು; ಚಳ್ಳಕೆರೆಯ ಮೊದಲ ದಿನಗಳಲ್ಲಿ ಜ್ವರ ಬಂದು ಬಡಬಡಿಸುವಾಗ ಜೋಗಪ್ಪನೇ ಎಲ್ಲ ಹೇಳಿದ್ದ, ಅವನ ಹೆಂಡತಿ ಕುಲ್ಸುಮ್ ಬೀ ಮೂರು ದಿನ ಗಂಜಿ ಕಾಯಿಸಿ ಕಳಿಸಿದ್ದಳು. ಅವನು ಎಣ್ಣೆಗೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತಾ ಪಕ್ಕದಲ್ಲಿ ಕೂತ. ಅರೆ ಭಾಯಿ, ಇಂಗ್ಲಿಷ್ ಬಲ್ಲವನು ಊರಿಗೆ ಒಬ್ಬ, ಉಳಿದವರೆಲ್ಲ ಕಿವಿಯಲ್ಲೇ ಸಿನಿಮಾ ನೋಡುತ್ತಾರೆ ಎಂದು ಸಮಾಧಾನ ಹೇಳಿದ. ಆಮೇಲೆ ದನಿ ಬದಲಿಸಿದ.

‘ಜೋಗಪ್ಪ, ನಂದು ಕೆಲಸ ಹ್ಯಾಂಡಲ್ ತಿರುಗಿಸೋದು. ನಿಧಾನ ಮಾಡಿದ್ರೆ ಫಿಲ್ಮಿಗೆ ಬೆಂಕಿ ಹತ್ತುತೈತೆ, ಅದಕ್ಕೆ ಯಾವತ್ತೂ ನಿಧಾನ ಮಾಡಿಲ್ಲ. ನಿಂದು ಕೆಲಸ ಹೇಳೋದು. ಏನು ಹೇಳ್ತೀಯೋ ಹೇಳು, ನಾನು ನಿನ್ನ ಹಿಂದೆ ಇರ್ತೀನಿ. ಟೆಂಟು ಬಿಚ್ಕೊಂಡು ಓಡೋ ಹಂಗಾದ್ರೂ ಇಬ್ಬರೂ ಸೇರ್ಕೊಂಡೇ ಓಡಾಣ.’

ಕತ್ತಲು ಇಳಿಯುವ ಮೊದಲೇ ಟೆಂಟು ತುಂಬಿತು. ಸಂತೆಗೆ ಬಂದವರು ಗಾಡಿಗಳನ್ನು ಹೊರಗೆ ಸಾಲಾಗಿ ಬಿಟ್ಟು, ಎತ್ತುಗಳನ್ನು ಗಾಲಿಗೆ ಕಟ್ಟಿ ಒಳಗೆ ನುಗ್ಗಿದ್ದರು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಛತ್ರಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡಿದ್ದರು. ಅವರ ಹಿಂದೆ, ನಡುಗಂಬದ ಪಕ್ಕ, ಕಂಬಳಿ ಹಾಸಿ ದಾಸಣ್ಣ ಕೂತಿದ್ದ. ಜೋಗಪ್ಪ ಪರದೆಯ ಎಡಕ್ಕೆ ತನ್ನ ಜಾಗದಲ್ಲಿ ನಿಂತ. ಯಾವಾಗಲೂ ಅವನು ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಚಿತ್ರ ಬಾಯಿಪಾಠವಾಗಿತ್ತು, ಅವನು ಓದುತ್ತಿದ್ದದ್ದು ಜನರ ಮುಖ. ಇವತ್ತು ಮೊದಲರ್ಧ ಹೇಗೆ ಹೇಳಿದನೋ ಅವನಿಗೇ ತಿಳಿಯದು. ಬಾಯಿ ತಾನಾಗಿ ಹೇಳುತ್ತಿತ್ತು, ಕನ್ನಡದಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ. ಜನ ನಗುವಲ್ಲಿ ನಕ್ಕರು, ಜಂಪಣ್ಣ ಬೆನ್ನಟ್ಟುವಲ್ಲಿ ಸಿಳ್ಳೆ ಹಾಕಿದರು. ಅವನ ಕಣ್ಣು ಮಾತ್ರ ನಡುಗಂಬದ ಕಡೆ ಹೋಗಿ ಹೋಗಿ ಹಿಂದಕ್ಕೆ ಬರುತ್ತಿತ್ತು. ದಾಸಣ್ಣ ನಗಲೂ ಇಲ್ಲ, ಸಿಳ್ಳೆ ಹಾಕಲೂ ಇಲ್ಲ. ಗದ್ದವನ್ನು ಮೊಣಕಾಲಿಗೆ ಊರಿಕೊಂಡು, ಮೇಯುವ ಎತ್ತುಗಳನ್ನು ನೋಡುವ ಹಾಗೆ ನೋಡುತ್ತಿದ್ದ.

ಕೊಟ್ಟಿಗೆ ಬಂತು. ದೀಪ ಬಂತು, ಬಾಗಿಲಿಗೆ ಬೆನ್ನು ಹಾಕಿ ಕೂತ ಚಿನ್ನಯ್ಯ ಬಂದ. ಜಂಪಣ್ಣ ಹೊಸ್ತಿಲಲ್ಲಿ ಬಗ್ಗಿದ. ಮೇಷ್ಟ್ರ ತುಟಿಯ ಮೂಲೆ ಆಗಲೇ ಕದಲಿತ್ತು. ಜೋಗಪ್ಪನ ಬಾಯಿಗೆ ಚಳ್ಳಕೆರೆಯ ಮಾತು ತಾನಾಗಿ ಬಂದು ಕೂತಿತು, ನೋಡ್ರಪ್ಪ ಸರ್ಕಾರದ ಬೂಟು ಹೊರಗೆ ಬಿಟ್ಟ ಎಂದು. ಅದು ನಾಲಿಗೆಯ ತುದಿಯಲ್ಲಿ ನಿಂತಿರುವಾಗಲೇ ದಾಸಣ್ಣನ ಮುಖ ಕಂಡಿತು. ಆ ಮುಖವನ್ನು ನೋಡಿಕೊಂಡು ಹೇಳಲು ಆಗುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ಎಂಟು ವಾರದಲ್ಲಿ ಮೊದಲ ಸಲ ಜನರಿಗೆ ಬೆನ್ನು ಹಾಕಿ ಪರದೆಯ ಕಡೆ ತಿರುಗಿದ. ಬಗ್ಗಿ ತನ್ನ ಬೂಟುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟ. ಪಾದಕ್ಕೆ ತಣ್ಣನೆಯ ಮರಳು ತಾಗಿತು.

‘ಯಾಕೆ ಬಿಚ್ಚಿದ ಅಂತ ನಿನ್ನೆ ನಿಮಗೆ ಹೇಳ್ದೆ. ಅದು ಅರ್ಧ. ಇನ್ನರ್ಧ ಹೇಳ್ತೀನಿ, ಕೇಳ್ರಿ. ಸದ್ದಾಗಬಾರದು ಅಂತ ಬಿಚ್ಚಿದ. ಗೆಳೆಯನಿಗೆ ಗೊತ್ತಾಗದಂಗೆ ಹೋಗಿ ಹಿಡೀಬೇಕಿತ್ತು. ಮೇಷ್ಟ್ರು ಹೇಳಿದ್ದು ನಿಜ. ಅಕ್ಷರ ಬರದಿದ್ರೂ ನಂಗೆ ಅದು ಮೊದ್ಲೇ ಗೊತ್ತಿತ್ತು. ಹೆಂಗೆ ಅಂತೀರಾ? ಕುದಾಪುರದ ಕಾವಲಾಗೆ ನಾನೂ ಹಿಂಗೇ ಬಿಚ್ಚಿದ್ದೆ.’

ಟೆಂಟಿನ ಹಿಂಬದಿಯಲ್ಲಿ ವಲಿಸಾಬನ ಕೈ, ಈ ಮಾತು ಕಿವಿಗೆ ಬಿದ್ದ ಬೆರಗಿಗೆ, ಹ್ಯಾಂಡಲಿನ ಮೇಲೆ ತಡವರಿಸಿತು. ಯಾವತ್ತೂ ನಿಧಾನ ಮಾಡದ ಕೈ. ಪರದೆಯ ಮೇಲೆ ಜಂಪಣ್ಣನ ಹೆಜ್ಜೆ ಎಳೆದೆಳೆದು, ನೀರೊಳಗೆ ನಡೆದಂತೆ ಬಿತ್ತು. ಆಗ ಜೋಗಪ್ಪ ನೋಡಿದ. ಎರಡು ತಿಂಗಳು ಪರದೆಯ ಪಕ್ಕದಲ್ಲೇ ನಿಂತು, ಜನರ ಕಣ್ಣೀರು ನೋಡುತ್ತಾ ನೋಡುತ್ತಾ ಒಂದು ದಿನವೂ ನೋಡದೆ ಬಿಟ್ಟದ್ದನ್ನು ನೋಡಿದ. ಜಂಪಣ್ಣ ಇನ್ನೂ ನಾಲ್ಕು ಹೆಜ್ಜೆ ದೂರದಲ್ಲಿದ್ದಾನೆ. ಚಿನ್ನಯ್ಯ ತಿರುಗಿಲ್ಲ. ಆದರೆ ಅವನ ಎಡಗೈ ಮೇಜಿನ ಕೆಳಗೆ ಇಳಿದು, ಅಲ್ಲಿದ್ದ ಇನ್ನೊಂದು ಸ್ಟೂಲನ್ನು ಮೆಲ್ಲಗೆ ಹೊರಕ್ಕೆ ತಳ್ಳುತ್ತಿದೆ. ಬರುವವನು ಕೂರಲಿ ಎಂದು.

ಬರಿಗಾಲೇ ಅಲ್ವಾ ಅವರವರದು. ಯರ್ರಮ್ಮನ ಮಾತು ಅವನ ಕಿವಿಯಲ್ಲಿ ಮತ್ತೆ ಆಡಿತು. ದನಿ ಹೊರಬಂತು. ಎಂಜಿನ್ನನ್ನು ಮೀರಿ, ಟೆಂಟನ್ನು ದಾಟಿ ಬೀದಿಗೆ ಕೇಳುವಂತೆ ಬಂತು. ಅವನ ಕೈ ನೋಡ್ರಿ, ಎಂದ. ಅವನಿಗೆ ಗೊತ್ತೈತೆ, ಎಂದ. ಬರೋನು ಯಾರು ಅಂತ ಗೊತ್ತೈತೆ, ಬೂಟು ಯಾಕೆ ಬಿಚ್ಚಿದ ಅಂತಾನೂ ಗೊತ್ತೈತೆ, ಗೊತ್ತಿದ್ದೂ ಕುಂತವ್ನೆ ನೋಡ್ರಿ. ಹೇಳುತ್ತಾ ಹೇಳುತ್ತಾ ಅವನಿಗೆ ತಾನು ಸಿನಿಮಾ ಹೇಳುತ್ತಿಲ್ಲ, ಕೇಳುತ್ತಿದ್ದೇನೆ ಎನಿಸಿತು. ಜಾಲಿಮರದ ಕೆಳಗಿನ ಆ ಬೆನ್ನು ಕಣ್ಣಿಗೆ ಕಟ್ಟಿತು. ಆ ಬೆನ್ನು ಒಂದಿಷ್ಟೂ ಬೆಚ್ಚಿರಲಿಲ್ಲ. ಸೀಟಿಗೂ ಬೆಚ್ಚಿರಲಿಲ್ಲ.

ತಿರುಗಿ ನೋಡಿದಾಗ ನಡುಗಂಬದ ಪಕ್ಕ ದಾಸಣ್ಣ ಎದ್ದು ನಿಂತಿದ್ದ. ಹಿಂದಿನವರು ಕೂರಪ್ಪ ಎಂದರೂ ಕೂರಲಿಲ್ಲ.

‘ಎತ್ತು ತಲೆ ಎತ್ತಿದ್ವು ಕಣಲೇ,’ ಎಂದ, ನಾಲ್ಕು ಜನರ ನಡುವೆ ಮಾತಾಡುವಷ್ಟೇ ದನಿಯಲ್ಲಿ. ‘ಹೊಸಬರು ಬಂದ್ರೆ ಚದುರ್ತಾವೆ. ಒಂದೂ ಬೆದರಲಿಲ್ಲ. ಮುತ್ತಯ್ಯ ಮೇಯೋದು ಬಿಟ್ಟು ನಿನ್ನ ಕಡೆ ಮೂಗು ಎತ್ತಿದ. ಬರೋನು ನೀನೇ ಅಂತ ನಂಗೆ ಅಲ್ಲೇ ಗೊತ್ತಾತು.’

‘ಮತ್ತೆ ಯಾಕೆ ಓಡಲಿಲ್ಲ?’ ಜೋಗಪ್ಪ ಕೇಳಿದ.

‘ಎತ್ತು ಬಿಟ್ಟು ಓಡ್ತಾನೇನಲೇ ಕಿಲಾರಿ? ಕಾವಲು ನಿನ್ನ ಕೆಲಸ, ನೀನು ಹಿಡಿದೆ. ಎತ್ತು ನನ್ನ ಕೆಲಸ, ನಾನು ಕುಂತೆ. ಅದ್ರಾಗೆ ನಿಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ. ಆರು ವರ್ಷ ರೊಪ್ಪದ ಕಡೆ ಮುಖ ಹಾಕಲಿಲ್ಲವಲ್ಲ, ಅದು ನಿನ್ನ ತಪ್ಪು. ನಿನ್ನ ದನಿ ಕೇಳದೆ ಮುತ್ತಯ್ಯ ಮುದುಕ ಆದ.’

ಜೋಗಪ್ಪ ಅತ್ತುಬಿಟ್ಟ. ಮುನ್ನೂರು ಜನರ ಎದುರಿಗೆ, ದೀಪದ ಬೆಳಕು ಮುಖದ ಮೇಲೆ ಬೀಳುತ್ತಿರುವಾಗ, ಮರೆಮಾಡದೆ ಅತ್ತ. ಯಾವ ಅಳತೆಯ ಗಂಡಸು ಎಂದು ಆ ಹೊತ್ತು ಅವನು ಯೋಚಿಸಲಿಲ್ಲ. ಆರು ವರ್ಷ ಬೂಟು ಬಿಚ್ಚಿದ್ದಕ್ಕೆ ಉತ್ತರ ಹುಡುಕಿದ್ದ. ದಾಸಣ್ಣನ ಲೆಕ್ಕದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಪರದೆಯ ಮೇಲೆ ಚಿನ್ನಯ್ಯ ಎದ್ದು ಎರಡೂ ಕೈ ಮುಂದೆ ಚಾಚಿದ; ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಹೊರಗೆ ನಡೆದರು; ಬಿಚ್ಚಿಟ್ಟ ಬೂಟು ಹೊಸ್ತಿಲಲ್ಲೇ ಉಳಿಯಿತು. ಕೊನೆಯ ಅಕ್ಷರಗಳು ಮೂಡಿದವು. ಜೋಗಪ್ಪ ಮೂಗು ಒರೆಸಿಕೊಂಡು, ಮೇಷ್ಟ್ರೆ, ಇದನ್ನ ನೀವೇ ಓದ್ರಿ, ಏನೈತೋ ಅದನ್ನೇ ಹೇಳ್ರಿ ಎಂದ. ಎಲ್ಲರ ತಲೆಯೂ ಕುರ್ಚಿಯ ಕಡೆ ತಿರುಗಿತು. ಮರುಳಪ್ಪ ಮೇಷ್ಟ್ರು ಎದ್ದರು. ಪರದೆಯನ್ನು ನೋಡಿದರು, ಜೋಗಪ್ಪನ ಬರಿಗಾಲನ್ನು ನೋಡಿದರು, ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು.

‘ಅಲ್ಲಿ ಬರೆದಿರೋದು ಭಾಳ ಸಣ್ಣದಪ್ಪ,’ ಎಂದರು. ‘ನೀನು ಹೇಳಿದ್ದೇ ಇರಲಿ.’

ಟೆಂಟು ಎದ್ದು ನಿಂತಿತು. ಸಿಳ್ಳೆ, ಚಪ್ಪಾಳೆ, ಕನ್ನಡದಲ್ಲಿ ಒಂದು ಕೂಗು, ತೆಲುಗಿನಲ್ಲಿ ಒಂದು ಕೂಗು. ಯರ್ರಮ್ಮ ಯಾರದೋ ಹೆಗಲು ಹಿಡಿದು ನಿಂತು, ನಾನು ಬೆಳಿಗ್ಗೇನೇ ಹೇಳಿದ್ದೆ ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು. ವಲಿಸಾಬ ಎಂಜಿನ್ನು ನಿಲ್ಲಿಸಿ, ಫಿಲ್ಮಿನ ಸುರುಳಿಯನ್ನು ಮೂಸಿ ನೋಡಿ, ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು ಓಡಿ ಬಂದು ಜೋಗಪ್ಪನನ್ನು ತಬ್ಬಿಕೊಂಡ. ಎಣ್ಣೆಯ ಕೈಗುರುತು ಬಿಳಿ ಅಂಗಿಯ ಬೆನ್ನ ಮೇಲೆ ಹತ್ತು ಬೆರಳೂ ಎಣಿಸುವ ಹಾಗೆ ಮೂಡಿತು. ಆ ಗದ್ದಲದಲ್ಲಿ ದಾಸಣ್ಣ ಜನರನ್ನು ಬದಿಗೆ ಸರಿಸುತ್ತಾ ಮುಂದೆ ಬಂದ. ಹತ್ತಿರದಿಂದ ನೋಡಿ, ಮೀಸೆ ಬಿಡಲೇ ಇನ್ನ, ನಿಮ್ಮಪ್ಪ ಇನ್ನೂ ಎರಡು ಮುದ್ದೆ ಉಣ್ತಾನೆ ಎಂದ. ಆಮೇಲೆ ಏನೋ ನೆನಪಾದವನಂತೆ ಹೇಳಿದ.

‘ಜೋಗ, ಒಂದು ಕೂಗು ಹಾಕಲೇ.’

ಬರುತ್ತದೋ ಇಲ್ಲವೋ ಎಂದು ಜೋಗಪ್ಪನಿಗೆ ಭಯವಾಯಿತು. ಕಣ್ಣು ಮುಚ್ಚಿ, ಮರಳಿನಲ್ಲಿ ಕಾಲು ಊರಿ, ಹೊಟ್ಟೆಯ ತಳದಿಂದ ಎಳೆದು ಕೂಗಿದ. ಮಾತಿಲ್ಲದ ಕೂಗು ಅದು. ಮೊದಲು ಉದ್ದಕ್ಕೆ ಹೋಗಿ, ಕೊನೆಯಲ್ಲಿ ಮೇಲಕ್ಕೆ ತಿರುಗುವ ಕೂಗು. ಟೆಂಟಿನ ಬಟ್ಟೆ ನಡುಗಿತು. ಹೊರಗೆ ಗಾಲಿಗೆ ಕಟ್ಟಿದ ಗಾಡಿಯೆತ್ತುಗಳು ಧಡಕ್ಕನೆ ಎದ್ದವು. ಒಂದರ ಕೊರಳ ಗಂಟೆ, ಆಮೇಲೆ ಇನ್ನೊಂದರದು, ಆಮೇಲೆ ಸಾಲಿಗೆ ಸಾಲೇ ಗಂಟೆಗಳು ಮೊಳಗಿದವು. ಜನ ತಮ್ಮ ತಮ್ಮ ಎತ್ತು ಹಗ್ಗ ಕಿತ್ತಾವೆಂದು ನಗುತ್ತಾ ಹೊರಗೆ ಓಡಿದರು.

ಮರುದಿನ ಸೂರ್ಯ ಮೂಡುವ ಹೊತ್ತಿಗೆ ಇಬ್ಬರೂ ನುಂಕೆಮಲೆಯ ಬುಡದಲ್ಲಿದ್ದರು. ಬೂಟು ಟೆಂಟಿನಲ್ಲೇ ಉಳಿದಿತ್ತು. ಅದನ್ನು ಮರಳಿನಿಂದ ಹೆಕ್ಕಿ, ದುಡ್ಡು ಕೊಟ್ಟವನು ನಾನು ಎಂದು ಗೊಣಗುತ್ತಾ ಎತ್ತಿಟ್ಟವನು ವಲಿಸಾಬ. ಸಂಜೆಯ ಆಟಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಮುಳ್ಳುಬೇಲಿಯ ಹತ್ತಿರ ಜೋಗಪ್ಪನ ಕಾಲು ಒಂದು ಗಳಿಗೆ ನಿಂತಿತು. ದಾಸಣ್ಣ ಹಿಂತಿರುಗಿ ನೋಡದೆ ಒಳಗೆ ಹೋದ, ಬೇಲಿಯ ಗೂಟ ಮಾತ್ರ ತೆಗೆದೇ ಬಿಟ್ಟಿದ್ದ. ಜೋಗಪ್ಪ ಇಬ್ಬನಿಯ ನೆಲದ ಮೇಲೆ ಬರಿಗಾಲು ಇಟ್ಟ. ಎತ್ತುಗಳು ತಲೆ ಎತ್ತಿದವು. ಒಂದೂ ಬೆದರಲಿಲ್ಲ.